ಹಲ್ಲಿ ಲೊಚಗುಟ್ಟಿದ ಹಾಗೆ...

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಆರು ವರ್ಷ. ಅಪಾರ್ಟ್‌ಮೆಂಟಿನಲ್ಲಿ ಓಡಾಡಿಕೊಂಡಿರುವ ಬೆಕ್ಕೊಂದನ್ನು ಹಿಡಿದು, ಅದರ ಮೀಸೆ ಎಳೆಯೋಕೆ ಹೋಗಿ ಕೈ ಪರಚಿಸಿಕೊಂಡಿದ್ದ. ಅಕ್ಕ ಬೈಯುತ್ತಾ ಡೆಟಾಲ್ ಹಚ್ಚುತ್ತಿದ್ದರೆ ಇವನದ್ದು ಒಂದೇ ಪ್ರಶ್ನೆ. "ಮಾಮ, ಬೆಕ್ಕಿಗೆ ಕತ್ತಲಲ್ಲಿ ಮೀಸೆಯಿಂದ ಎಲ್ಲಾ ಗೊತ್ತಾಗತ್ತಂತೆ. ನಿಂಗೂ ಮೀಸೆ ಇದೆಯಲ್ಲ, ನಿಂಗ್ಯಾಕೆ ಗೊತ್ತಾಗಲ್ಲ?"

ಎಂಟು ವರ್ಷ ಕೋಡ್ ಬರೆದವನಿಗೂ ಇದಕ್ಕೆ ಉತ್ತರ ಹೊಳೆಯಲಿಲ್ಲ ನೋಡಿ. ಮನೆಗೆ ಬಂದು ಹುಡುಕಿದೆ. ಒಂದರ ಬಾಲ ಹಿಡಿದು ಇನ್ನೊಂದು ಅಂತ ರಾತ್ರಿ ಎರಡು ಗಂಟೆಯಾಯಿತು. ಮೀಸೆಯಿಂದ ಹೊರಟವನು ಕೊನೆಗೆ ಬಂದು ನಿಂತಿದ್ದು ನಮ್ಮ ಅಜ್ಜನ ಹತ್ತಿರ. ಅದನ್ನೇ ಇಲ್ಲಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ಮೀಸೆಯ ವಿಚಾರ ಮುಗಿಸಿಬಿಡುತ್ತೇನೆ. ಬೆಕ್ಕಿನ, ಇಲಿಯ ಮೀಸೆ ಬರೀ ಕೂದಲಲ್ಲ. ಪ್ರತಿ ಮೀಸೆಯ ಬುಡವೂ ರಕ್ತ ತುಂಬಿದ ಒಂದು ಪುಟ್ಟ ಚೀಲದೊಳಗೆ ಕೂತಿರುತ್ತದೆ, ಅದರ ಸುತ್ತ ನರಗಳ ತುದಿಗಳು. ಮೀಸೆಯ ತುದಿ ಕೂದಲೆಳೆಯಷ್ಟು ಬಾಗಿದರೂ ಬುಡಕ್ಕೆ ಸುದ್ದಿ ಹೋಗುತ್ತದೆ. 1970ರಲ್ಲಿ ವೂಲ್ಸಿ ಮತ್ತು ವಾನ್ ಡರ್ ಲೂಸ್ ಎಂಬ ಇಬ್ಬರು ಇಲಿಮರಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಲ್ಲಿ ಒಂದೊಂದು ಮೀಸೆಗೂ ಒಂದೊಂದು ಪೀಪಾಯಿಯಂಥ ಕೋಶಗಳ ಗುಂಪು ಸಾಲಾಗಿ ನಿಂತಿತ್ತು. ಮುಖದ ಮೇಲೆ ಮೀಸೆಗಳು ಯಾವ ಸಾಲಿನಲ್ಲಿವೆಯೋ ಮಿದುಳಿನಲ್ಲೂ ಅದೇ ಸಾಲು!

ನಮ್ಮಲ್ಲಿ ಆ ವ್ಯವಸ್ಥೆ ಕಳೆದುಹೋಗಿದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಚಿಂಪಾಂಜಿ ಮತ್ತಿತರ ಪ್ರಾಣಿಗಳಲ್ಲಿದ್ದು ಮನುಷ್ಯನಲ್ಲಿ ಮಾತ್ರ ಅಳಿಸಿಹೋಗಿರುವ 510 ಡಿಎನ್‌ಎ ತುಣುಕುಗಳ ಪಟ್ಟಿ ಮಾಡಿದರು. ಅದರಲ್ಲೊಂದು ತುಣುಕು ಇಂಥ ಮೀಸೆ ಬೆಳೆಯುವ ಜಾಗದಲ್ಲಿ ಕೆಲಸ ಮಾಡುವಂಥದ್ದು. ಅಂದರೆ ನಮ್ಮ ಕೋಡ್‌ನಿಂದ ಯಾರೋ ಆ ಸಾಲನ್ನೇ ಡಿಲೀಟ್ ಮಾಡಿದ್ದಾರೆ, ಬ್ಯಾಕಪ್ಪೂ ಇಲ್ಲ. ಆದರೂ ಮೇಲ್ದುಟಿಯಲ್ಲಿ ಮೀಸೆ ಆಡಿಸುವ ಸ್ನಾಯುವಿನ ಕುರುಹು ಇನ್ನೂ ಉಳಿದಿದೆ ಅಂತ 2007ರಲ್ಲಿ ಜಪಾನಿನವರು ತೋರಿಸಿದರು. ಬಾಡಿಗೆಯವರು ಮನೆ ಖಾಲಿ ಮಾಡಿದ ಮೇಲೂ ಗೋಡೆಯಲ್ಲಿ ಮೊಳೆ ಉಳಿದಿರುತ್ತದಲ್ಲ, ಹಾಗೆ.

ಹಾಗಾದರೆ ಪ್ರಾಣಿಗಳ ಇಂದ್ರಿಯ ನಮಗೆ ಸಿಗೋದೇ ಇಲ್ಲವಾ? ಹಾಗೇನಿಲ್ಲ. ಒಂದು ಇಂದ್ರಿಯವನ್ನು ಮನುಷ್ಯರು ಶತಮಾನಗಳಿಂದ ಉಪಯೋಗಿಸುತ್ತಲೇ ಬಂದಿದ್ದಾರೆ. ತಮಾಷೆ ಏನೆಂದರೆ, ಉಪಯೋಗಿಸುವವರಿಗೇ ಅದು ಯಾವ ಇಂದ್ರಿಯ ಅಂತ ಗೊತ್ತಿರಲಿಲ್ಲ.

ನಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಅಜ್ಜನಿಗೆ ಗ್ಲುಕೋಮಾ ಆಗಿ ಅರವತ್ತೈದರ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋಗಿತ್ತು. ಊರು ಮಲೆನಾಡು. ದೊಡ್ಡ ಮನೆ, ಉದ್ದದ ಜಗಲಿ, ಪಡಸಾಲೆ ದಾಟಿ ಹಿಂದೆ ಕೊಟ್ಟಿಗೆ. ಅಜ್ಜ ಎಲ್ಲಾ ಕಡೆ ಒಬ್ಬನೇ ಓಡಾಡುತ್ತಿದ್ದ. ಹುಟ್ಟಿ ಬೆಳೆದ ಮನೆ, ಅಭ್ಯಾಸ ಅಂದುಕೊಂಡಿದ್ದೆವು. ಆದರೆ ಅಡಿಕೆ ಕೊಯ್ಲಿನ ಸಮಯದಲ್ಲಿ ಪಡಸಾಲೆಯಲ್ಲಿ ಮೂಟೆಗಳು ದಿನಕ್ಕೊಂದು ಕಡೆ ಪೇರಿಸಿರುತ್ತಿದ್ದವಲ್ಲ, ಅದಕ್ಕೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಒಂದು ಮೊಳ ದೂರ ಇರುವಾಗಲೇ ನಿಂತು, ಪಕ್ಕಕ್ಕೆ ಸರಿದು ಹೋಗುತ್ತಿದ್ದ. ನಡೆಯುವಾಗ ನಾಲಿಗೆಯಿಂದ ಒಂದು ಶಬ್ದ ಮಾಡುತ್ತಿದ್ದ. ಲೊಚ್... ಲೊಚ್... ಥೇಟ್ ಹಲ್ಲಿ ಲೊಚಗುಟ್ಟಿದ ಹಾಗೆ. ಹೇಗೆ ಗೊತ್ತಾಗತ್ತೆ ಅಜ್ಜ ಅಂತ ಕೇಳಿದರೆ, "ಮುಖಕ್ಕೆ ಗೊತ್ತಾಗ್ತದೆ ಮಗ. ಜೇಡನ ಬಲೆ ತಾಗಿದ ಹಾಗೆ ಆಗ್ತದೆ" ಅನ್ನುತ್ತಿದ್ದ.

ಮುಖಕ್ಕೆ ಗೊತ್ತಾಗುತ್ತದೆ! ಈ ಮಾತನ್ನು ಅಜ್ಜನಿಗಿಂತ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲು ಫ್ರಾನ್ಸಿನಲ್ಲೊಬ್ಬ ಹೇಳಿದ್ದನಂತೆ. ದಿದರೋ ಎಂಬ ತತ್ತ್ವಜ್ಞಾನಿ 1749ರಲ್ಲಿ ಕುರುಡರ ಬಗ್ಗೆ ಪತ್ರರೂಪದ ಒಂದು ಪುಸ್ತಕ ಬರೆದ. ಅದರಲ್ಲಿ ಪ್ಯುಸೋ ಎಂಬ ಊರಿನ ಒಬ್ಬ ಹುಟ್ಟುಕುರುಡ ಬರುತ್ತಾನೆ. ಎದುರಿಗೆ ವಸ್ತು ಇರುವುದು ಅವನಿಗೆ ಮುಖದ ಮೇಲಿನ ಗಾಳಿಯ ವ್ಯತ್ಯಾಸದಿಂದ ತಿಳಿಯುತ್ತದೆ ಅಂತ ದಿದರೋ ಬರೆದ. ಅದೇ ಪುಸ್ತಕದಲ್ಲಿ ದೇವರ ಬಗ್ಗೆ ಏನೇನೋ ಎತ್ತಿದ್ದಕ್ಕೆ ಅದೇ ವರ್ಷ ವ್ಯಾನ್ಸೆನ್ ಕೋಟೆಯಲ್ಲಿ ಮೂರು ತಿಂಗಳಷ್ಟು ಸೆರೆಮನೆ ವಾಸವನ್ನೂ ಅನುಭವಿಸಿದ, ಅದು ಬೇರೆ ಕಥೆ. 1872ರಲ್ಲಿ ಲೆವಿ ಎಂಬ ಇಂಗ್ಲೆಂಡಿನ ಅಂಧ ಲೇಖಕ ತನಗೂ ಮುಖದಿಂದಲೇ ಗೋಡೆ, ಬೇಲಿ ಎಲ್ಲ ತಿಳಿಯುತ್ತದೆ ಎಂದು ಬರೆದು, ಇದಕ್ಕೆ ಮುಖದ ಗ್ರಹಿಕೆ ಎಂಬರ್ಥದ ಹೆಸರನ್ನೇ ಇಟ್ಟ. ಆಮೇಲೆ ಶುರುವಾಯಿತು ನೋಡಿ ಪಂಡಿತರ ಜಾತ್ರೆ. ಗಾಳಿಯ ಒತ್ತಡ ಅಂದರು, ಉಷ್ಣತೆ ಅಂದರು, ಅಯಸ್ಕಾಂತ ಅಂದರು, ಆರನೇ ಇಂದ್ರಿಯ ಅಂದರು. ಅಷ್ಟು ದೊಡ್ಡ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಕೂಡ 1890ರಲ್ಲಿ ಇದು ಕಿವಿಯ ತಮಟೆಗೆ ಆಗುವ ಒತ್ತಡದ ಅನುಭವ ಇರಬಹುದು ಅಂದ. ಕಿವಿಯವರೆಗೆ ಬಂದು, ಒಳಗೆ ಹೋಗದೆ ವಾಪಸ್ಸು!

ಇನ್ನೊಂದು ಕಡೆ ಬಾವಲಿಯ ಕಥೆ ಬೇರೆಯಾಗಿಯೇ ನಡೆಯುತ್ತಿತ್ತು. ನನಗೆ ತುಂಬಾ ಇಷ್ಟವಾದ ಭಾಗ ಇದು. 1793ರಲ್ಲಿ ಇಟಲಿಯ ಪಾವಿಯಾದಲ್ಲಿ ಸ್ಪಲ್ಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ ಒಂದು ವಿಷಯ ಗಮನಿಸಿದ. ಕೋಣೆಯ ಮೋಂಬತ್ತಿ ಆರಿದರೆ ಗೂಬೆ ಕೂಡ ದಿಕ್ಕೆಟ್ಟು ಗೋಡೆಗೆ ಬಡಿಯುತ್ತದೆ, ಬಾವಲಿ ಮಾತ್ರ ಆರಾಮಾಗಿ ಹಾರುತ್ತದೆ. ಆತ ಬಾವಲಿಗಳ ಕಣ್ಣು ತೆಗೆದು ಬಿಟ್ಟ (ಓದುವಾಗ ಹೊಟ್ಟೆ ತೊಳಸಿತು, ಆ ಕಾಲವೇ ಹಾಗೆ). ಕಣ್ಣಿಲ್ಲದ ಬಾವಲಿಗಳನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ದು ನೋಡಿದರೆ ಹೊಟ್ಟೆ ತುಂಬಾ ಹುಳುಗಳು. ಕಣ್ಣಿಲ್ಲದೆಯೂ ಬೇಟೆಯಾಡಿದ್ದವು! ಜಿನೀವಾದ ವೈದ್ಯ ಜ್ಯೂರಿನ್ ಮುಂದಿನ ವರ್ಷ ಬಾವಲಿಗಳ ಕಿವಿ ಮುಚ್ಚಿ ನೋಡಿದ. ಸಿಕ್ಕಸಿಕ್ಕಲ್ಲಿ ಡಿಕ್ಕಿ ಹೊಡೆದವು. ಸ್ಪಲ್ಲಾಂಜಾನಿ ತಾನೂ ಮಾಡಿ ನೋಡಿ, ಹೌದು, ಕಿವಿಯೇ ಅಂತ ಒಪ್ಪಿದ. ಯಾವ ಇಂದ್ರಿಯ ಅಂತ ತಿಳಿಯೋಕೆ ಒಂದೊಂದೇ ಕೇಬಲ್ ಕಿತ್ತು ನೋಡೋದು... ನಾವು ದಿನಾ ಮಾಡೋ ಡೀಬಗ್ಗಿಂಗೇ ಇದು.

ಆದರೆ ಯಾರೂ ನಂಬಲಿಲ್ಲ. ಬಾವಲಿ ಹಾರುವಾಗ ಮನುಷ್ಯನಿಗೆ ಏನೂ ಕೇಳಿಸುವುದಿಲ್ಲವಲ್ಲ, ಸದ್ದೇ ಇಲ್ಲದ ಮೇಲೆ ಕಿವಿ ಏನು ಕೇಳುತ್ತದೆ? ಕಿವಿಯಲ್ಲಿ ನೋಡೋದಾದರೆ ಕಣ್ಣಲ್ಲಿ ಕೇಳುತ್ತಾ ಅಂತ ಗೇಲಿ ಮಾಡಿದರು. ಪ್ಯಾರಿಸ್ಸಿನ ಕ್ಯೂವಿಯೇ ದೊಡ್ಡ ಹೆಸರು. ಅವನು ಕೂತಲ್ಲಿಂದಲೇ, ಇದು ರೆಕ್ಕೆಯ ಸ್ಪರ್ಶ ಅಂತ ತೀರ್ಪು ಕೊಟ್ಟ. ಇಡೀ ಹತ್ತೊಂಬತ್ತನೇ ಶತಮಾನ ಆ ತೀರ್ಪಿನಡಿ ಕಳೆದುಹೋಯಿತು. ಬಾಸ್ ಹೇಳಿದ ಮೇಲೆ ಯಾರು ಟೆಸ್ಟ್ ಮಾಡ್ತಾರೆ ಹೇಳಿ!

1912ರಲ್ಲಿ ಟೈಟಾನಿಕ್ ಮುಳುಗಿತು. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಆಗ ವಯಸ್ಸಾದವನು. ಹಡಗಿಗೂ ಬಾವಲಿಯಂತೆ ಒಂದು ಇಂದ್ರಿಯ ಕೊಟ್ಟರೆ ಹಿಮಗಡ್ಡೆ ಮುಂಚೆಯೇ ಗೊತ್ತಾಗುತ್ತದೆ ಅಂದ. ಬಾವಲಿ ತನ್ನ ರೆಕ್ಕೆ ಬಡಿತದ, ನಮಗೆ ಕೇಳದಷ್ಟು ತಗ್ಗಿನ ಸದ್ದಿನ ಮರುದನಿ ಹಿಡಿಯುತ್ತದೆ ಅನ್ನುವುದು ಅವನ ಊಹೆ. ಮರುದನಿ ಸರಿ, ತಗ್ಗಿನ ಸದ್ದು ತಪ್ಪು. 1920ರಲ್ಲಿ ಹಾರ್ಟ್‌ರಿಜ್ ಅದು ಎತ್ತರದ ಸದ್ದಿರಬೇಕು ಅಂದ. ಕೊನೆಗೆ 1938ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಪಂಜರದಲ್ಲಿ ಬಾವಲಿಗಳನ್ನು ಹಿಡಿದುಕೊಂಡು ಅಲ್ಲಿನ ಭೌತಶಾಸ್ತ್ರದ ಪ್ರೊಫೆಸರ್ ಪಿಯರ್ಸ್ ಹತ್ತಿರ ಹೋದ. ಮನುಷ್ಯನ ಕಿವಿಗೆ ನಿಲುಕದ ಸದ್ದು ಹಿಡಿಯುವ ಯಂತ್ರ ಪಿಯರ್ಸ್ ಹತ್ತಿರ ಇತ್ತು. ಬಾವಲಿಗಳನ್ನು ಅದರ ಮುಂದೆ ಹಿಡಿದದ್ದೇ ತಡ, ಮೂಕಪ್ರಾಣಿ ಅಂದುಕೊಂಡಿದ್ದು ಗದ್ದಲ ಎಬ್ಬಿಸಿತು. ಗ್ರಿಫಿನ್ ಮತ್ತು ಅವನ ಗೆಳೆಯ ಗಲಾಂಬೋಸ್ ಕೋಣೆಯಲ್ಲಿ ತಂತಿಗಳನ್ನು ಇಳಿಬಿಟ್ಟು, ಬಾವಲಿಯ ಕಿವಿ ಮುಚ್ಚಿದರೂ ಬಾಯಿ ಕಟ್ಟಿದರೂ ಅದು ತಂತಿಗೆ ಬಡಿಯುತ್ತದೆ ಅಂತ ತೋರಿಸಿದರು. ಸ್ಪಲ್ಲಾಂಜಾನಿ ಸತ್ತು (1799) ಆಗಲೇ ನೂರನಲವತ್ತು ವರ್ಷ.

ಈಗ ಮನುಷ್ಯನ ಸರದಿ. ಇದೇ ಹೊತ್ತಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ ಇದ್ದರು. ಅವರ ವಿದ್ಯಾರ್ಥಿ ಮೈಕೆಲ್ ಸುಪಾ ಸ್ವತಃ ಅಂಧ. ಇನ್ನೊಬ್ಬ ವಿದ್ಯಾರ್ಥಿ ಮಿಲ್ಟನ್ ಕಾಟ್ಜಿನ್‌ಗೆ ಕಣ್ಣಿತ್ತು. ಮೂವರೂ ಸೇರಿ, ಇನ್ನೂರು ವರ್ಷದಿಂದ ಬರೀ ಬಾಯಿಮಾತಿನಲ್ಲೇ ಇದ್ದದ್ದನ್ನು ಪರೀಕ್ಷೆಗೆ ಹಚ್ಚಿದರು. ಇಬ್ಬರು ಅಂಧರು, ಇಬ್ಬರು ಕಣ್ಣಿರುವವರು, ನಾಲ್ವರಿಗೂ ಕಣ್ಣಿಗೆ ಪಟ್ಟಿ. ಹಜಾರದಲ್ಲಿ ನಡೆದು ಬರಬೇಕು. ಎದುರು ಎಲ್ಲೋ ಒಂದು ಕಡೆ ಅಡ್ಡ ಇದೆ. ಇದೆ ಅನ್ನಿಸಿದ ಕೂಡಲೇ ಒಂದು ಕೈ ಎತ್ತಬೇಕು, ಆಮೇಲೆ ಮುಟ್ಟದೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗಿ ನಿಲ್ಲಬೇಕು.

ಅಂಧರು ಸಲೀಸಾಗಿ ಮಾಡಿದರು. ಕಣ್ಣಿರುವವರು ಮೊದಮೊದಲು ಡಿಕ್ಕಿ ಹೊಡೆದು, ಅಭ್ಯಾಸವಾದ ಮೇಲೆ ಅವರೂ ಮಾಡಿದರು. ಅಂದರೆ ಇದು ಕುರುಡರಿಗೆ ದೇವರು ಕೊಟ್ಟ ವರವಲ್ಲ, ಯಾರಾದರೂ ಕಲಿಯಬಹುದು. ಸರಿ, ಮುಖದಿಂದ ಬರುತ್ತೆ ಅಂತೀರಲ್ಲ, ಮುಖ ಮುಚ್ಚೋಣ ಅಂತ ತಲೆಯಿಂದ ಭುಜದವರೆಗೆ ದಪ್ಪ ಫೆಲ್ಟ್ ಬಟ್ಟೆ ಇಳಿಬಿಟ್ಟರು, ಕೈಗೆ ಚರ್ಮದ ಗವಸು. ಆದರೂ ನಿಂತರು! ಶೂ ಬಿಚ್ಚಿಸಿ, ಕಾಲ್ಚೀಲದಲ್ಲಿ ಜಮಖಾನದ ಮೇಲೆ ನಡೆಸಿದರು. ಕಷ್ಟವಾಯಿತು, ತೀರಾ ಹತ್ತಿರ ಬಂದಮೇಲೆ ತಿಳಿಯಿತು, ಆದರೂ ತಿಳಿಯಿತು. ಕೊನೆಗೆ ಮುಖ ತೆರೆದಿಟ್ಟು ಕಿವಿ ಮುಚ್ಚಿದರು. ಅಷ್ಟೇ. ನಾಲ್ವರೂ ಪ್ರತಿ ಸಲವೂ ಹೋಗಿ ಗುದ್ದಿದರು. ಮುಖದ ಮೇಲಿನ ಆ ಬಲೆ ಕಿವಿ ಮುಚ್ಚಿದ ಕೂಡಲೇ ಮಾಯ.

ಇನ್ನೂ ಅನುಮಾನ ಉಳಿಯಬಾರದಲ್ಲ? ಕೊನೆಯ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಪರೀಕ್ಷೆಗೆ ಒಳಗಾಗುವವನನ್ನು ಬೇರೆಯೇ ಕೋಣೆಯಲ್ಲಿ, ಸದ್ದು ಬಾರದ ಕಡೆ, ಹೆಡ್‌ಫೋನ್ ಹಾಕಿ ಕೂರಿಸಿದರು. ಹಜಾರದಲ್ಲಿ ಇನ್ನೊಬ್ಬ ಮೈಕ್ ಹಿಡಿದು ಅಡ್ಡದ ಕಡೆ ನಡೆಯುತ್ತಾನೆ. ಇಲ್ಲಿ ಕೂತವನು ಹೆಜ್ಜೆಸಪ್ಪಳ ಕೇಳುತ್ತಾ, ಈಗ ಹತ್ತಿರ ಬಂತು, ನಿಲ್ಲು ಅನ್ನಬೇಕು. ಅಂದ, ಸರಿಯಾಗಿಯೇ ಅಂದ. ಮುಖ ಒಂದು ಕೋಣೆಯಲ್ಲಿ, ಗೋಡೆ ಇನ್ನೊಂದು ಕೋಣೆಯಲ್ಲಿ!

1944ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಗ್ರಿಫಿನ್ ಒಂದು ಪುಟ್ಟ ಲೇಖನದಲ್ಲಿ ಬಾವಲಿ, ಅಂಧರು, ರೇಡಾರ್ ಮೂರನ್ನೂ ಒಟ್ಟಿಗೆ ಕಟ್ಟಿ ಇದಕ್ಕೆ ಎಕೋಲೊಕೇಶನ್ ಅಂತ ಹೆಸರಿಟ್ಟ. ಮರುದನಿಯಿಂದ ಜಾಗ ಗುರುತಿಸುವುದು. ಮೂರು ವರ್ಷದ ಮೇಲೆ ಡಾಲೆನ್‌ಬಾಕ್ ಕಣ್ಣು ಕಿವಿ ಎರಡೂ ಇಲ್ಲದವರನ್ನು ಪರೀಕ್ಷಿಸಿದರು. ಅವರಿಗೆ ಈ ಅರಿವು ಇರಲಿಲ್ಲ, ಕಲಿಸಿದರೂ ಬರಲಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತೆ. ಅಜ್ಜ ಹೇಳಿದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಎದುರಿಗೆ ಮೂಟೆ ಇದೆ ಅನ್ನುವುದು ಸರಿ. ಮುಖಕ್ಕೆ ತಾಗಿತು ಅನ್ನುವುದು ಅವನ ಮಿದುಳು ಕಟ್ಟಿಕೊಟ್ಟ ಕಥೆ. ಕಿವಿಗೆ ಬಂದದ್ದನ್ನು ಮಿದುಳು ಮುಖದ ಮೇಲೆ ತಂದು ಹಾಕುತ್ತಿತ್ತು. ಬೆಕ್ಕಿಗೆ ಮೀಸೆ ಇರುವ ಜಾಗದಲ್ಲೇ! ಈ ಲೆಕ್ಕದಲ್ಲಿ ಅಳಿಯನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು.

ಲೆಕ್ಕ ಬಂತಲ್ಲ, ಒಂದಿಷ್ಟು ಸಂಖ್ಯೆ ನೋಡೋಣ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವೇ). ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರೋಕೆ ಸೆಕೆಂಡಿನ ಸಾವಿರದ ಆರು ಭಾಗ ಸಾಕು. ಇಷ್ಟು ಬೇಗ ಬಂದ ಮರುದನಿ ನಮಗೆ ಬೇರೆ ಶಬ್ದವಾಗಿ ಕೇಳಿಸುವುದೇ ಇಲ್ಲ, ಮೂಲ ಶಬ್ದದ ಬಣ್ಣ ಸ್ವಲ್ಪ ಬದಲಾಗುತ್ತದೆ ಅಷ್ಟೇ. ಅದಕ್ಕೇ ಯಾರಿಗೂ ಅದು ಕಿವಿಯ ಕೆಲಸ ಅನ್ನಿಸಲಿಲ್ಲ. ನೀವೇ ಈಗ ಮಾಡಿ ನೋಡಿ. ಕಣ್ಣು ಮುಚ್ಚಿ, ಬಾಯಲ್ಲಿ ಶ್‌‌‌... ಅನ್ನುತ್ತಾ ಒಂದು ಊಟದ ತಟ್ಟೆಯನ್ನು ಮುಖದ ಹತ್ತಿರ ತಂದು ದೂರ ಒಯ್ಯಿರಿ. ಸದ್ದು ಬದಲಾಗುತ್ತದಲ್ಲ? ಅದೇ.

ಮಿತಿಯೂ ಇದೆ. ನಾಲಿಗೆಯ ಸದ್ದಿನ ಅಲೆಯ ಉದ್ದ ಸುಮಾರು ಹತ್ತು ಸೆಂಟಿಮೀಟರ್ (ಮೂರು ಕಿಲೋಹರ್ಟ್ಸ್ ಅಂದುಕೊಂಡರೆ). ಐವತ್ತು ಕಿಲೋಹರ್ಟ್ಸ್‌ನಲ್ಲಿ ಕೂಗುವ ಬಾವಲಿಯದ್ದು ಏಳು ಮಿಲಿಮೀಟರ್. ಹಾಗಾಗಿ ಬಾವಲಿ ತಂತಿ, ಸೊಳ್ಳೆ ಎಲ್ಲ ಹಿಡಿಯುತ್ತದೆ, ನಮಗೆ ಗೋಡೆ, ಕಂಬ, ಮೂಟೆ, ನಿಂತ ಬೈಕು. ನೆಲದ ಗುಂಡಿಯನ್ನಂತೂ ನಂಬುವ ಹಾಗಿಲ್ಲ. ಅದಕ್ಕೆ ಕೋಲೇ ಬೇಕು. ರೆನೆ ಡೆಕಾರ್ಟ್ 1637ರಲ್ಲೇ ಕುರುಡನ ಕೋಲನ್ನು ನೋಟಕ್ಕೆ ಹೋಲಿಸಿದ್ದ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ಉದ್ದ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುವ ವಿಧಾನ ರೂಪಿಸಿದ. ಇಲಿ ಮೀಸೆಯನ್ನು ಹಿಂದೆ ಮುಂದೆ ಆಡಿಸುತ್ತದಲ್ಲ, ಹೆಚ್ಚುಕಡಿಮೆ ಅದೇ. ಮೀಸೆ ಕೈಗೆ ಬಂತು ಅಷ್ಟೇ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. 1962ರಲ್ಲಿ ಕೆಲಾಗ್ (ತನ್ನ ಮಗನ ಜೊತೆ ಚಿಂಪಾಂಜಿ ಮರಿಯನ್ನು ಸಾಕಿ ನೋಡಿದ ಪುಣ್ಯಾತ್ಮ ಇವನೇ) ಅಂಧರು ಮರುದನಿಯಿಂದಲೇ ಮಖಮಲ್ಲು ಯಾವುದು, ಡೆನಿಮ್ ಬಟ್ಟೆ ಯಾವುದು ಅಂತ ಬೇರೆ ಮಾಡುತ್ತಾರೆ ಎಂದು ತೋರಿಸಿದ. ಕ್ಯಾಲಿಫೋರ್ನಿಯಾದ ಡೇನಿಯಲ್ ಕಿಶ್‌ಗೆ ಹದಿಮೂರು ತಿಂಗಳು ತುಂಬುವುದರೊಳಗೆ ಕ್ಯಾನ್ಸರ್‌ನಿಂದ ಎರಡೂ ಕಣ್ಣು ತೆಗೆಯಬೇಕಾಯಿತು. ನಾಲಿಗೆ ಲೊಚಗುಟ್ಟುತ್ತಾ ಸೈಕಲ್ ಹೊಡೆಯುವುದನ್ನೂ ಕಲಿತ, 2000ದಲ್ಲಿ ಸಂಸ್ಥೆ ಕಟ್ಟಿ ಬೇರೆ ಅಂಧರಿಗೂ ಕಲಿಸಿದ. 2011ರಲ್ಲಿ ಲೋರ್ ಥೇಲರ್ ಮತ್ತು ಸಂಗಡಿಗರು ಇಂಥ ಇಬ್ಬರು ಪರಿಣತರನ್ನು ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿ, ಮರುದನಿ ಇರುವ ಮತ್ತು ಮರುದನಿ ಅಳಿಸಿದ ಧ್ವನಿಮುದ್ರಣ ಕೇಳಿಸಿದರು. ಮರುದನಿ ಇದ್ದಾಗ ಮಿದುಳಿನಲ್ಲಿ ಚುರುಕಾದದ್ದು ಕಣ್ಣಿಗೆ ಮೀಸಲಾದ ಭಾಗ!

ನನ್ನನ್ನು ಹಿಡಿದು ನಿಲ್ಲಿಸಿದ್ದು 2021ರ ಒಂದು ಅಧ್ಯಯನ. ಇಂಗ್ಲೆಂಡಿನಲ್ಲಿ ಥೇಲರ್ ತಂಡ ಹನ್ನೆರಡು ಅಂಧರಿಗೂ ಹದಿನಾಲ್ಕು ಕಣ್ಣಿರುವವರಿಗೂ ಹತ್ತು ವಾರ ತರಬೇತಿ ಕೊಟ್ಟಿತು. ವಯಸ್ಸು 21ರಿಂದ 79. ವಯಸ್ಸಾದವರಿಗೆ ಬರೋಲ್ಲ ಅನ್ನುವಂತೇನೂ ಕಾಣಲಿಲ್ಲ. ಮೂರು ತಿಂಗಳ ಮೇಲೆ ಕೇಳಿದಾಗ ಹನ್ನೆರಡು ಅಂಧರಲ್ಲಿ ಹತ್ತು ಮಂದಿ, ಈಗ ಒಬ್ಬರೇ ಓಡಾಡೋಕೆ ಧೈರ್ಯ ಬಂದಿದೆ, ಬದುಕು ಹಗುರಾಗಿದೆ ಅಂದರು.

ನಿಜವಾದ ಮೀಸೆಯ ಪ್ರಯೋಗವೂ ಆಗಿದೆ ಅನ್ನಿ. 2012ರಲ್ಲಿ ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಜನರ ಬೆರಳಿಗೆ ಕೃತಕ ಮೀಸೆ ಕಟ್ಟಿ, ಕಣ್ಣು ಮುಚ್ಚಿ, ಎರಡು ಕಂಬಗಳಲ್ಲಿ ಯಾವುದು ಮುಂದಿದೆ ಅಂತ ಕೇಳಿದರು. ಜನ ತಾವಾಗಿಯೇ ಕೈ ಆಡಿಸುತ್ತಾ ಹೇಳಿದರು, ಮರುದಿನಕ್ಕೆ ಇನ್ನೂ ಚುರುಕಾದರು. ಪಾಲ್ ಬಾಕ್-ಇ-ರೀಟಾ 1969ರಲ್ಲಿ ಕುರ್ಚಿಯ ಬೆನ್ನಿಗೆ 400 ಕಂಪಿಸುವ ಚುಕ್ಕೆಗಳನ್ನು ಕೂರಿಸಿ, ಕ್ಯಾಮೆರಾದ ಚಿತ್ರವನ್ನು ಅಂಧರ ಬೆನ್ನ ಮೇಲೆ ಮೂಡಿಸಿದಾಗಲೂ ಹೀಗೇ. ಕ್ಯಾಮೆರಾವನ್ನು ತಾವೇ ತಿರುಗಿಸಿದಾಗ ಮಾತ್ರ ವಸ್ತು ಬೆನ್ನ ಮೇಲಲ್ಲ, ಎದುರಿಗಿದೆ ಅನ್ನಿಸುತ್ತಿತ್ತು. ಬೇರೆಯವರು ತಿರುಗಿಸಿದರೆ ಬರೀ ಕಚಗುಳಿ.

ತಾನೇ ಆಡಿಸಬೇಕು. ತಾನೇ ಲೊಚಗುಟ್ಟಬೇಕು.

ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಕಾಲೇಜಿನ ಗೆಳೆಯರು ಮಳೆ ನೋಡೋಕೆ ಅಂತ ಊರಿಗೆ ಬಂದಿದ್ದರು. ಅಜ್ಜ ಪಡಸಾಲೆಯಲ್ಲಿ ಲೊಚ್ ಲೊಚ್ ಅನ್ನುತ್ತಾ ಬಂದಾಗ ಅವರಲ್ಲೊಬ್ಬ ನಕ್ಕ. ನನಗೆ ಅವಮಾನವಾಯಿತು. ಅವರೆಲ್ಲ ಜಗಲಿಗೆ ಹೋದ ಮೇಲೆ, "ಅಜ್ಜ, ಎಲ್ರೂ ನಗ್ತಾರೆ. ಆ ಹಲ್ಲಿ ಲೊಚಲೊಚ ನಿಲ್ಸು" ಅಂದೆ. ಅಜ್ಜ ಬೇಜಾರು ತೋರಿಸಿಕೊಳ್ಳಲಿಲ್ಲ. "ಹೌದಾ, ಅಷ್ಟು ಜೋರಾ ಕೇಳ್ತದಾ?" ಅಂದ. ಅಂಧರ ಶಾಲೆಗಳಲ್ಲೂ ಅನೇಕ ಕಡೆ ಮಕ್ಕಳು ಹೀಗೆ ಸದ್ದು ಮಾಡಿದರೆ ಕೆಟ್ಟ ಅಭ್ಯಾಸ ಅಂತ ಬಿಡಿಸುತ್ತಿದ್ದರಂತೆ. ಆ ವಿಷಯ ಮೊನ್ನೆ ರಾತ್ರಿ ಓದಿದೆ.

ಅಜ್ಜ ನಿಲ್ಲಿಸಿಬಿಟ್ಟ. ಆಮೇಲೆ ಊರಿಗೆ ಹೋದಾಗಲೆಲ್ಲ ಜಗಲಿಯ ಕುರ್ಚಿಯಲ್ಲೇ ಕೂತಿರುತ್ತಿದ್ದ. ಬಚ್ಚಲಿಗೆ ಹೋಗಬೇಕಾದರೆ ಅಜ್ಜಿಯನ್ನು ಕರೆಯುತ್ತಿದ್ದ. ವಯಸ್ಸಾಯಿತು ಅಂತ ಎಲ್ಲರೂ ಅಂದುಕೊಂಡೆವು.

ಅಜ್ಜ ತೀರಿಕೊಳ್ಳುವ ಹಿಂದಿನ ವರ್ಷ ದೀಪಾವಳಿಗೆ ಹೋಗಿದ್ದೆ. ರಾತ್ರಿ ಕರೆಂಟು ಹೋಗಿತ್ತು, ಸೆಕೆಗೆ ನಿದ್ದೆ ಬಂದಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಪಡಸಾಲೆಯ ಕಡೆಯಿಂದ ಸಣ್ಣಗೆ ಕೇಳಿಸಿತು. ಲೊಚ್... ಲೊಚ್... ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಲೊಚ್. ಮೂಟೆಗಳನ್ನು ಬಳಸಿಕೊಂಡು ಹೋಗುತ್ತಿದ್ದ ಅಂತ ಕಾಣುತ್ತದೆ. ಬಚ್ಚಲಿನ ಚಿಲಕ ತೆಗೆದ ಸದ್ದು ಬಂತು. ಎಲ್ಲೂ ಏನೂ ತಾಗಲಿಲ್ಲ. ವಾಪಸ್ಸು ಬರುವಾಗ ನನ್ನ ಕೋಣೆಯ ಬಾಗಿಲ ಮುಂದೆ ಮಾತ್ರ ಸದ್ದು ಮಾಡದೆ, ಗೋಡೆ ಸವರಿಕೊಂಡು ದಾಟಿದ.